ಸರ್ಕಾರ ಮಡಿಲು ತುಂಬಿದ ವರ್ಷ

ಹೋದ ತಿಂಗಳು ಚಿಂತಾಮಣಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆ. ಬೆಂಗಳೂರು ದಾರಿಯ ವಿಜಯಪುರ ಹತ್ತಿರವಾದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರೇಷ್ಮೆ ಗೂಡು ಬಿಸಿನೀರಿನಲ್ಲಿ ಕುದಿದು, ಒಳಗಿನ ಹುಳವೂ ಬೆಂದು, ಆ ನೀರು ಚರಂಡಿಗೆ ಬಿದ್ದು ಹುಳಿತಾಗ ಬರುವ ವಾಸನೆ. ಮುಂದಿನ ಸೀಟಿನ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸು ವಿಜಯಪುರದವರೇ. ಅವರು ನಕ್ಕು, "ನಮ್ಗೆ ಗೊತ್ತೇ ಆಗಲ್ಲ ನೋಡಿ" ಅಂದರು. ನನಗೆ ಗೊತ್ತಾಯಿತು.

ತೊಂಬತ್ತರ ದಶಕದ ನಡುವಿನಲ್ಲಿ ಒಂದಿಡೀ ವರ್ಷ ನಾನು ಆ ವಾಸನೆಯಲ್ಲೇ ಇದ್ದೆ. ಸೀರೆಗೆ, ಜಡೆಗೆ, ಊಟದ ಡಬ್ಬಿಗೆ ಎಲ್ಲಕ್ಕೂ ಅದು ಹತ್ತಿಕೊಂಡಿತ್ತು. ತಿಂಗಳಿಗೊಮ್ಮೆ ತ್ಯಾಮಗೊಂಡ್ಲು ಹತ್ತಿರದ ನಮ್ಮೂರಿಗೆ ಹೋದರೆ ಅಮ್ಮ ನನ್ನನ್ನು ಹಿತ್ತಲ ಬಚ್ಚಲಿಗೆ ಅಟ್ಟಿ, ತಲೆಗೆ ಎರಡು ಸಲ ಸೀಗೆಪುಡಿ ಉಜ್ಜಿಯೇ ಒಳಗೆ ಬಿಡುತ್ತಿದ್ದಳು. "ಬಿಎ ಓದ್ಸಿದ್ದು ಇದುಕ್ಕಾ" ಎಂದು ಅವಳ ಗೊಣಗು. ಸರ್ಕಾರಿ ಕೆಲಸ ಎಂದು ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ.

ಸರ್ಕಾರಿ ಕೆಲಸ ಹೌದು, ಆದರೆ ಒಂದು ವರ್ಷದ್ದು. ಗಂಡಂದಿರು ಹೆಂಡತಿಯರನ್ನು ಹೊಡೆಯುವುದರ ಬಗ್ಗೆ ಅಧ್ಯಯನ ಮಾಡುವುದು ಮತ್ತು ಅದನ್ನು ತಡೆಯುವುದು ಎಂಬುದು ಯೋಜನೆ. ಎರಡನ್ನೂ ಏಪ್ರಿಲ್‌ನಲ್ಲಿ ಶುರುಮಾಡಿ ಮಾರ್ಚ್‌ಗೆ ಮುಗಿಸಬೇಕಿತ್ತು. ಪುರಸಭೆಯವರು ತಮ್ಮ ಕಟ್ಟಡದ ಹಿಂಬದಿಯ ಒಂದು ಕೋಣೆ ಕೊಟ್ಟಿದ್ದರು. ಯೋಜನೆಯ ಅಧಿಕಾರಿ ವಿಮಲಾ ಮೇಡಂ ದಿನಾ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಳ್ಳೆಯ ಹೆಂಗಸು. ಯಾರಾದರೂ ಅತ್ತರೆ ಅವರಿಗೂ ಅಳು ಬರುತ್ತಿತ್ತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ನನ್ನದು.

ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಕೂತು ಬರೆದಿದ್ದರು. ಹೆಂಗಸನ್ನು ಒಬ್ಬಳೇ ಇರುವಾಗ ಕೇಳಬೇಕು, ಅವಳ ಬಾಯಿಂದಲೇ ಉತ್ತರ ಬರಬೇಕು ಎಂದು ತರಬೇತಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ವಿಜಯಪುರದಲ್ಲಿ ಒಬ್ಬಳೇ ಇರುವ ಹೆಂಗಸನ್ನು ನಾನು ಕಾಣಲೇ ಇಲ್ಲ. ಬೆಳಗಾದರೆ ಎಲ್ಲರೂ ನೂಲು ಬಿಚ್ಚುವ ಶೆಡ್ಡಿನಲ್ಲಿ. ಸಾಲಾಗಿ ಬಿಸಿನೀರಿನ ಬೇಸಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬಳು. ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕಿ ಹಿಡಿದು ಮೇಲೆ ತಿರುಗುವ ರಾಟೆಗೆ ಕೊಡಬೇಕು. ಕಣ್ಣು ಆಚೆ ಈಚೆ ಹೋದರೆ ಎಳೆ ಕಡಿಯುತ್ತದೆ, ಮಾಲೀಕ ಬೈಯುತ್ತಾನೆ. ಅವರ ಬೆರಳ ತುದಿಗಳು ಬೆಳ್ಳಗೆ ಬೆಂದು ಸೀಳು ಬಿಟ್ಟಿರುತ್ತಿದ್ದವು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಮಾತಿನಲ್ಲಿ ಕೇಳುತ್ತಿದ್ದೆ, "ನಿಮ್ಮ ಯಜಮಾನರು ನಿಮ್ಮ ಮೇಲೆ ಕೈ ಮಾಡ್ತಾರಾ?" ರಾಟೆಯ ಸದ್ದಿಗೆ ಪಿಸುಮಾತು ಯಾರಿಗೂ ಕೇಳದು. ಕೊನೆಗೆ ಕೂಗಿ ಕೇಳಬೇಕಾಗುತ್ತಿತ್ತು.

ಕೂಗಿದರೆ ಇಡೀ ಸಾಲು ನಗುತ್ತಿತ್ತು. "ನಿಂಗೆ ಮದ್ವೆ ಆಗಿದ್ಯಾ ಅಮ್ಮಣ್ಣಿ? ಮೊದ್ಲು ಮಾಡ್ಕೊ, ಆಮೇಲೆ ಈ ಕಾಗ್ದ ಎಲ್ಲಾ ಬ್ಯಾಡ ಅಂತೀಯ" ಎಂದು ಗೌರಮ್ಮ ಎಂಬಾಕೆ ಚುಡಾಯಿಸುತ್ತಿದ್ದಳು. ಆ ಸಾಲಿಗೆಲ್ಲ ಅವಳೇ ಬಾಯಿ. ತನ್ನದನ್ನು ಕೇಳಿದರೆ ಇಲ್ಲಪ್ಪ, ನಮ್ಮನೆಯೋನು ಹಸು ಎನ್ನುವಳು. ತಕ್ಷಣ ಪಕ್ಕದವಳು, "ಅವಳದ್ದು ನನ್ ಕೇಳು, ನಾನೇಳ್ತೀನಿ. ಹೋದ ವಾರ ಹಲ್ಲು ಅಲ್ಲಾಡೋ ಹಂಗೆ ಇಕ್ಕವ್ನೆ" ಎನ್ನುವಳು. ಹೀಗೆ ಒಬ್ಬೊಬ್ಬರದ್ದು ಇನ್ನೊಬ್ಬರು ಹೇಳುವುದು ಅಲ್ಲಿನ ರೀತಿ. ತನ್ನ ಮನೆಯದ್ದು ತಾನೇ ಹೇಳಿಕೊಂಡರೆ ಗಂಡನ ಮಾನ ಹೋಯಿತು, ಪಕ್ಕದವಳು ಹೇಳಿದರೆ ಅದು ಬರೀ ಮಾತು. ನಾನು ಪಕ್ಕದವಳು ಹೇಳಿದ್ದನ್ನೇ ಬರೆದುಕೊಂಡೆ. ಬೆಂಗಳೂರಿನವರು ಅವಷ್ಟನ್ನೂ ತಿರಸ್ಕರಿಸಿ, ಸ್ವಂತ ಬಾಯಿಂದ ಪಡೆದು ಬನ್ನಿ ಎಂದು ವಾಪಸ್ಸು ಕಳಿಸಿದರು. ಮತ್ತೆ ಹೋಗಿ ಕೇಳಿದೆ. ಎಲ್ಲರ ಗಂಡಂದಿರೂ ಹಸುಗಳಾದರು.

ಆ ಸಾಲಿನ ಕೊನೆಯಲ್ಲಿ ಮುನಿಲಕ್ಷ್ಮಿ ಕೂರುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮಕ್ಕಳಿರಲಿಲ್ಲ. ನಗುವವರ ಜೊತೆ ನಗುತ್ತಿದ್ದಳು, ಬೇರೆಯವರ ಮನೆಯ ಮಾತು ಆಡುತ್ತಿರಲಿಲ್ಲ. ಅವಳ ಬಗ್ಗೆ ಕೇಳಿದ ದಿನ ಗೌರಮ್ಮ ಮೊದಲ ಸಲ ನಗದೆ ಮಾತಾಡಿದಳು. "ಅವಳ ತೋಳು ನೋಡು. ಬೇಸಿನ್ ನೀರು ಅಲ್ಲಿಗಂಟ ಹಾರ್ತದಾ?" ಮುನಿಲಕ್ಷ್ಮಿ ಸೆರಗು ಎಳೆದುಕೊಂಡಳು. ರವಿಕೆಯ ತೋಳಿನಂಚಿನ ಕೆಳಗೆ ಚರ್ಮದ ಮೇಲೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಿದ ಗುರುತು ಇತ್ತು.

ಅವಳ ಗಂಡ ನಾರಾಯಣಸ್ವಾಮಿ ಬಸ್ ಕಂಡಕ್ಟರ್. ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿಯೂ ಇಲ್ಲ. ಯೂನಿಫಾರ್ಮಿಗೆ ದಿನಾ ಇಸ್ತ್ರಿ. ಮುದುಕಿಯರನ್ನು ಕೈಹಿಡಿದು ಹತ್ತಿಸಿಕೊಳ್ಳುವವನು, ಹೆಂಗಸರ ಸೀಟಿನಲ್ಲಿ ಗಂಡಸು ಕೂತರೆ ಎಬ್ಬಿಸುವವನು. ವಿಮಲಾ ಮೇಡಂ ಬರುತ್ತಿದ್ದದ್ದೇ ಅವನ ಬಸ್ಸಿನಲ್ಲಿ. ನನ್ನ ಬಾಯಿಂದ ವಿಷಯ ಕೇಳಿ ಅವರು ಎಷ್ಟೋ ಹೊತ್ತು ನಂಬಲಿಲ್ಲ. ನಮ್ಮ ಪ್ರಶ್ನೆಗಳಲ್ಲಿ ಕುಡಿತದ ಬಗ್ಗೆಯೇ ಒಂದು ಪುಟವಿತ್ತು. ಇಂಥವನ ಬಗ್ಗೆ ಕೇಳಲು ಒಂದು ಸಾಲೂ ಇರಲಿಲ್ಲ.

ಮುನಿಲಕ್ಷ್ಮಿಗೆ ಒಂದು ಆಸರೆ ಇತ್ತು. ವಿಜಯಪುರದ ಪಕ್ಕದಲ್ಲೇ ಇರುವ ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ ಅವಳ ಅಣ್ಣ ಪಿಳ್ಳಪ್ಪ ಇದ್ದ. ತಾಯಿ ತಂದೆ ಇಲ್ಲದ ತಂಗಿಯನ್ನು ಬೆಳೆಸಿ ಮದುವೆ ಮಾಡಿದವನು. ತಡೆಯಲಾರದಷ್ಟು ಆದಾಗ ಅವಳು ಅಲ್ಲಿಗೆ ಹೋಗುತ್ತಿದ್ದಳು, ಅದೂ ನಡೆದುಕೊಂಡು. ಬಸ್ಸು ಹತ್ತಿದರೆ ಕಂಡಕ್ಟರುಗಳೆಲ್ಲ ಗಂಡನ ಸ್ನೇಹಿತರು, ಅವಳು ಊರು ಮುಟ್ಟುವ ಮೊದಲೇ ಅವನಿಗೆ ಸುದ್ದಿ ಮುಟ್ಟುತ್ತಿತ್ತು. ಹೊಲದ ಬದುಗಳ ಮೇಲೆ ಬಿಸಿಲಲ್ಲಿ ನಡೆದು ಹೋದರೆ ಅತ್ತಿಗೆ ಏನೂ ಕೇಳದೆ ಕಾಲಿಗೆ ನೀರು ಕೊಡುತ್ತಿದ್ದಳಂತೆ. ಹತ್ತು ಹದಿನೈದು ದಿನ ಹೊಲದ ಕೆಲಸ ಮಾಡಿಕೊಂಡು, ರಾಗಿಮುದ್ದೆ ಉಂಡುಕೊಂಡು, ನಿದ್ದೆ ಮಾಡಿ ಬರುತ್ತಿದ್ದಳು. ಆಮೇಲೆ ನಾರಾಯಣಸ್ವಾಮಿ ಹಣ್ಣು ಹಿಡಿದುಕೊಂಡು ಹೋಗಿ ನಯವಾಗಿ ಮಾತಾಡಿ ಕರೆತರುತ್ತಿದ್ದ. "ಅಣ್ಣನ ಮನೆ ಇರೋದುಕ್ಕೆ ಜೀವ ಇಟ್ಕೊಂಡಿವ್ನಿ ಅಕ್ಕ" ಎಂದು ನನಗೆ ಅವಳೇ ಹೇಳಿದ್ದಳು. ನಾನು ಚಿಕ್ಕವಳಾದರೂ ಆಫೀಸಿನವಳೆಂದು ಅಕ್ಕ ಅನ್ನುತ್ತಿದ್ದಳು.

ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಮೇಲಿನಿಂದ ಒತ್ತಡ ಬಂತು. ಅಧ್ಯಯನ ಸಾಕು, ತಡೆದದ್ದು ಎಲ್ಲಿ? ಎಷ್ಟು ಸಂಸಾರ ಸರಿಮಾಡಿದಿರಿ? ವಿಮಲಾ ಮೇಡಂ ತಲೆ ಮೇಲೆ ಕೈ ಹೊತ್ತು ಕೂತಿದ್ದ ಆ ವಾರವೇ ಮುನಿಲಕ್ಷ್ಮಿ ಆಫೀಸಿಗೆ ಬಂದಳು. ಗೌರಮ್ಮ ಬಲವಂತದಿಂದ ಕರೆತಂದಿದ್ದಳು. ಮುನಿಲಕ್ಷ್ಮಿ ಒಂದು ಕಿವಿಯ ಮೇಲೆ ಸೆರಗು ಒತ್ತಿಕೊಂಡಿದ್ದಳು, ಸೆರಗಿನಲ್ಲಿ ರಕ್ತ. ಮೇಡಂ ಅವಳನ್ನು ತಬ್ಬಿಕೊಂಡು ಅತ್ತರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಅವಳು ಅಣ್ಣನ ಮನೆಗೆ ಹೋದಳು. ಮೇಡಂ ಇಬ್ಬರ ಕಡೆಗೂ ಹೇಳಿಕಳಿಸಿ ರಾಜಿಗೆ ದಿನ ಗೊತ್ತುಮಾಡಿದರು.

ಆ ದಿನಕ್ಕೆ ಬೆಂಗಳೂರಿನಿಂದ ಮೇಲಧಿಕಾರಿಯೂ ಬಂದರು, ಜೊತೆಗೆ ಫೋಟೋ ತೆಗೆಯುವವನು. ನಾರಾಯಣಸ್ವಾಮಿ ಬಿಳಿ ಷರ್ಟು ಹಾಕಿಕೊಂಡು ಬಂದು ಎಲ್ಲರಿಗೂ ಕೈಮುಗಿದ. ತಪ್ಪಾಯ್ತು ಸಾರ್, ಸಿಟ್ಟು ಬಂದ್ಬಿಡ್ತದೆ, ಇನ್ಮೇಲೆ ಮಗು ಹಂಗೆ ನೋಡ್ಕೊತೀನಿ ಎಂದ. ಅಧಿಕಾರಿಗೆ ಅವನು ಬಹಳ ಹಿಡಿಸಿದ. ಅವರು ಗೋಡೆಗೊರಗಿ ನಿಂತಿದ್ದ ಪಿಳ್ಳಪ್ಪನ ಕಡೆ ತಿರುಗಿ, "ನೋಡಪ್ಪಾ, ಹುಡುಗಿ ಬಂದಾಗೆಲ್ಲ ಮನೇಲಿಟ್ಕೋತೀಯಲ್ಲ, ಅದಕ್ಕೇ ಅವಳು ಸಂಸಾರಕ್ಕೆ ಒಗ್ತಿಲ್ಲ. ತವರಿನೋರು ಮೂಗು ತೂರಿಸಬಾರದು" ಎಂದರು. ಪಿಳ್ಳಪ್ಪ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮುನಿಲಕ್ಷ್ಮಿಯನ್ನು ಒಪ್ಪಿದೆಯಾ ಎಂದು ಕೇಳಿದರು. ಅವಳು ಅಣ್ಣನ ಮುಖ ನೋಡಿದಳು, ಅವನು ನೆಲ ನೋಡುತ್ತಿದ್ದ. ಹೂಂ ಎಂದಳು. ಆಗ ವಿಮಲಾ ಮೇಡಂ ತಮ್ಮ ಚೀಲದಿಂದ ಅಕ್ಕಿ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು, ಹಸಿರು ರವಿಕೆ ಕಣ ಹೊರತೆಗೆದರು. ಬೆಳಿಗ್ಗೆ ಬರುತ್ತಲೇ ತಂದಿದ್ದರು. "ಬರಿಗೈಲಿ ಹೇಗೆ ಕಳಿಸೋದು, ಪಾಪ. ನಮ್ಮ ಮಗಳ ಥರ ಮಡಿಲು ತುಂಬಿ ಕಳಿಸೋಣ" ಎಂದರು.

ನಮ್ಮ ಕಡೆ ಹೆಣ್ಣಿಗೆ ಮಡಿಲು ತುಂಬುವುದು ತವರಿನವರು. ಅಮ್ಮ ಇಲ್ಲದಿದ್ದರೆ ಅತ್ತಿಗೆ. ಸೆರಗಿಗೆ ಅಕ್ಕಿ ಹಾಕಿ ಕಳಿಸಿದರೆ, ಈ ಮನೆ ನಿನ್ನದೂ ಹೌದು, ಮತ್ತೆ ಬಾ ಎಂದು ಅರ್ಥ. ರಾಗಿ ಉಣ್ಣುವ ಆ ಮನೆಯಲ್ಲಿ ಅತ್ತಿಗೆ ಪ್ರತಿ ಸಲವೂ ಎಲ್ಲಿಂದಲೋ ಅಕ್ಕಿ ಹೊಂದಿಸಿ ಅವಳ ಮಡಿಲಿಗೆ ಹಾಕಿಯೇ ಕಳಿಸುತ್ತಿದ್ದಳು. ನಾನು ಮೇಡಂ ಹತ್ತಿರ ಬಗ್ಗಿ, "ಅವರತ್ತಿಗೇನ ಕರೆಸೋಣ ಮೇಡಂ, ಅವರೇ ತುಂಬ್ಲಿ" ಎಂದೆ. "ಅವರು ಬರೋದು ಯಾವಾಗ? ಸಾಹೇಬ್ರು ಹೊರಡ್ತಾರೆ" ಎಂದರು ಮೇಡಂ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಅದು ಒಂದು ಪ್ರೀತಿಯ ಶಾಸ್ತ್ರ, ಅಷ್ಟೇ.

ಚಾಪೆ ಹಾಸಿ ಪೂರ್ವಕ್ಕೆ ಕೂರಿಸಿದರು. ಮುನಿಲಕ್ಷ್ಮಿ ಸೆರಗೊಡ್ಡಿದಳು. ಮೇಡಂ ಅರಿಶಿನ ಕುಂಕುಮ ಇಟ್ಟು, ಬೊಗಸೆ ತುಂಬ ಅಕ್ಕಿ ಹಾಕಿದರು. ಅವರ ಕಣ್ಣಲ್ಲಿ ನೀರು. ಫೋಟೋ ತೆಗೆದರು. ನಾರಾಯಣಸ್ವಾಮಿ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹಿಡಿದುಕೊಂಡ, ಅದನ್ನೂ ತೆಗೆದರು. ನಾನು ಆಚೆ ಬಂದು ನೋಡಿದರೆ ಪಿಳ್ಳಪ್ಪ ಇರಲಿಲ್ಲ. ತರಿಸಿಟ್ಟಿದ್ದ ಟೀ ಕುಡಿಯದೆ, ಯಾರಿಗೂ ಹೇಳದೆ ಹೋಗಿಬಿಟ್ಟಿದ್ದ.

ಸಂಕ್ರಾಂತಿಯ ಹೊತ್ತಿಗೆ ಎಲ್ಲ ಮೊದಲಿನಂತಾಯಿತು. ಅವಳು ಮತ್ತೆ ಬದುಗಳ ಮೇಲೆ ನಡೆದುಕೊಂಡು ಅಣ್ಣನ ಮನೆಗೆ ಹೋದಳು. ಮಾರನೆಯ ದಿನವೇ ವಾಪಸ್ಸು ಬಂದು ಶೆಡ್ಡಿನಲ್ಲಿ ಬೇಸಿನ್ನಿನ ಮುಂದೆ ಕೂತಿದ್ದಳು. ಗೌರಮ್ಮ ನನ್ನನ್ನು ಕರೆಸಿ, "ಇಟ್ಕೊಳ್ಲಿಲ್ವಂತೆ. ಹೋಗಿ ಕೇಳವ್ವ, ನೀವೇ ಮಾಡಿಟ್ಟಿರೋದು" ಎಂದಳು.

ನಾನು ಹೋದೆ. ಪಿಳ್ಳಪ್ಪ ಕಣದಲ್ಲಿ ರಾಗಿ ತೂರುತ್ತಿದ್ದ. ಅವನ ಹೆಂಡತಿ ನನಗೆ ಚೊಂಬಿನಲ್ಲಿ ನೀರು ಕೊಟ್ಟು ದೂರ ನಿಂತಳು. ಕಿವಿಗೆ ಹಾಗಾದ ಮೇಲೂ ಮುನಿಲಕ್ಷ್ಮಿಯನ್ನು ಅವನು ಹೊಡೆಯುವುದು ನಿಂತಿಲ್ಲ ಎಂದೆ. ಅವಳಿಗೆ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂದೆ.

"ಯಾಕೆ, ನೀವಿದ್ದೀರಲ್ಲ" ಎಂದ ಪಿಳ್ಳಪ್ಪ. ದನಿ ಏರಿಸಲಿಲ್ಲ. "ಮಡಿಲು ತುಂಬಿದೋರು ನೀವು. ಮಡಿಲು ತುಂಬಿದೋರೇ ತವರು. ಸರ್ಕಾರಕ್ಕಿಂತ ನಾನು ದೊಡ್ಡೋನೇನವ್ವ?"

"ಮೇಡಂಗೆ ಗೊತ್ತಿರಲಿಲ್ಲ ಅಣ್ಣ, ಅವರು ಪ್ರೀತಿಯಿಂದ ಮಾಡಿದ್ದು."

"ಇರ್ಬೋದು. ಅವನ ಮುಂದೆ ನನ್ನ ನಿಲ್ಲಿಸ್ಕೊಂಡು ಮೂಗು ತೂರಿಸ್ಬ್ಯಾಡ ಅಂದ್ರು. ಅದಾದ್ಮೇಲೆ ನನ್ ತಂಗಿ ಸೆರಗಿಗೆ ನನ್ನ ಕೇಳ್ದೆ ಅಕ್ಕಿ ಹಾಕುದ್ರು. ಅವನು ನನ್ ಮುಖ ನೋಡಿ ನಕ್ಕ, ನೀವ್ ನೋಡ್ಲಿಲ್ಲ. ಇನ್ ಯಾವ ಮಕ ಇಟ್ಕೊಂಡು ನಾನು ಅವನ್ನ ಕೇಳ್ಲಿ, ಯಾಕೋ ಹೊಡ್ದೆ ಅಂತ?"

ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊಟ ಇಕ್ಕಿ ಕಳ್ಸಿದೆ ಕಣವ್ವ. ಇರು ಅನ್ನೋಕೆ ನನ್ ಬಾಯಿ ಬರ್ಲಿಲ್ಲ. ಊರೋರು ಫೋಟೋ ಇಸ್ಯ ಎಲ್ಲಾ ಮಾತಾಡ್ತವ್ರೆ, ತವರು ಬದ್ಲಾಯಿಸ್ಕೊಂಡ್ಳು ಅಂತ" ಎಂದಳು. ಪಿಳ್ಳಪ್ಪ ಮೊರ ಎತ್ತಿಕೊಂಡ. ಗಾಳಿ ಬರುತ್ತಿತ್ತು, ಬಿಟ್ಟರೆ ಹೊಟ್ಟು ಹಾರಿಸಲಾಗದು. ನಾನು ಸಂಜೆಯವರೆಗೂ ಕಣದಂಚಿನಲ್ಲಿ ಕೂತಿದ್ದು ಎದ್ದು ಬಂದೆ. ಅವನ ಮೇಲೆ ಸಿಟ್ಟು ಬಂದಿತ್ತು, ಆದರೆ ಅವನು ಅಷ್ಟು ವರ್ಷ ಮಾಡಿದ್ದನ್ನು ನಮ್ಮ ಯೋಜನೆ ಒಂದು ದಿನವೂ ಮಾಡಿರಲಿಲ್ಲ.

ಮೇಡಂಗೆ ಹೇಳಿದಾಗ ಅವರ ಮುಖ ಸುಣ್ಣವಾಯಿತು. ಪಿಳ್ಳಪ್ಪನ ಮನೆಗೆ ತಾವೇ ಹೋಗಿ ಕ್ಷಮೆ ಕೇಳಿದರು. ಅವನು ಕೈಮುಗಿದು ಎಳನೀರು ಕೊಟ್ಟು ಕಳಿಸಿದ, ಮಾತು ಬದಲಿಸಲಿಲ್ಲ. ಪೊಲೀಸರ ಹತ್ತಿರ ಹೋದೆವು. ರಾಜಿ ಆಗಿದೆಯಲ್ಲ, ನೀವೇ ಮಾಡಿಸಿದ್ದೀರಿ, ಮತ್ತೆ ನಾವೇನು ಬರೆದುಕೊಳ್ಳೋದು ಎಂದರು. ಬೆಂಗಳೂರಿನಲ್ಲಿ ಹೆಂಗಸರನ್ನು ಇರಿಸಿಕೊಳ್ಳುವ ಸರ್ಕಾರಿ ಮನೆ ಒಂದಿತ್ತು. ಅದಕ್ಕೆ ಬೇಕಾದ ಕಾಗದಗಳನ್ನು ಮೇಡಂ ಹಟ ಹಿಡಿದು ಮಾಡಿಸಿದರು. ಮುನಿಲಕ್ಷ್ಮಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಬ್ಬಿಣದ ಗೇಟು, ಕಾವಲಿನವಳು, ಒಳಗೆ ಸಾಲಾಗಿ ಚಾಪೆಗಳು. ಅವಳು ಗೇಟಿನ ಆಚೆಯೇ ನಿಂತು ನೋಡಿದಳು. "ಇದ್ರೊಳಗೆ ಹೋದ್ರೆ ಆಚೆ ಬಂದು ಎಲ್ಲಿಗಕ್ಕ ಹೋಗೋದು? ಜೈಲಿಗೆ ಹೋಗಿದ್ಳು ಅಂತಾರೆ" ಎಂದಳು. ಬಸ್ ಸ್ಟ್ಯಾಂಡಿಗೆ ವಾಪಸ್ಸು ಬಂದೆವು. ನಮ್ಮ ಬಸ್ಸಿನ ಕಂಡಕ್ಟರ್ ಅವಳನ್ನು ಗುರುತು ಹಿಡಿದು, "ಏನ್ ತಂಗಿ, ಬೆಂಗ್ಳೂರಿಗೆ ಬಂದಿದ್ರಾ?" ಎಂದು ನಗುತ್ತಾ ಕೇಳಿದ. ದಾರಿಯುದ್ದಕ್ಕೂ ಅವಳು ಕೈ ಹಿಸುಕಿಕೊಳ್ಳುತ್ತಾ ಕೂತಿದ್ದಳು.

ಫೆಬ್ರವರಿಯಲ್ಲಿ ಮೇಡಂಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ವರದಿ ಅಚ್ಚಾಗಿ ಬಂತು. ಮುನಿಲಕ್ಷ್ಮಿಯ ಮಡಿಲು ತುಂಬುವ ಫೋಟೋ ಅದರ ರಕ್ಷಾಪುಟದಲ್ಲಿತ್ತು. ಸರಿಹೋದ ಸಂಸಾರ ಎಂದು ಕೆಳಗೆ ಬರೆದಿದ್ದರು. ಶೆಡ್ಡಿನಲ್ಲಿ ಯಾರಿಗೂ ನಾನು ಅದನ್ನು ತೋರಿಸಲಿಲ್ಲ.

ಹೋದ ತಿಂಗಳ ಆ ಬಸ್ಸಿನಲ್ಲಿ ಪಕ್ಕದ ಹೆಂಗಸನ್ನು ನಾನು ಕೇಳದೆ ಇರಲಾಗಲಿಲ್ಲ. ಕಂಡಕ್ಟರ್ ನಾರಾಯಣಸ್ವಾಮಿಯವರ ಮನೆಯವರು ಹೇಗಿದ್ದಾರೆ ಎಂದೆ. "ಅವ್ರಾ? ಇನ್ನೂ ಅವ್ರೆ. ಎರಡು ಕಿವೀನೂ ಕೇಳ್ಸಲ್ಲ. ಮನೆ ಬಿಟ್ಟು ಎಲ್ಲೂ ಬರಲ್ಲ. ಆಯಪ್ಪ ರಿಟೈರ್ ಆಗವ್ರೆ, ಬಂಗಾರದಂಥ ಮನುಷ್ಯ, ಅಂಥ ಹೆಂಡ್ತೀನ ಅವ್ರೇ ನೋಡ್ಕೊಂತಾರೆ" ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ವರ್ಷದ ಯುಗಾದಿಯ ದಿನ.

ಯುಗಾದಿ ಆ ಸಲ ಮಾರ್ಚ್ ಕೊನೆಗೇ ಬಂದಿತ್ತು. ಯೋಜನೆ ಮುಗಿದಿತ್ತು, ಕೋಣೆಯನ್ನು ಪುರಸಭೆಗೆ ಬಿಟ್ಟುಕೊಡಬೇಕಿತ್ತು. ಲೆಕ್ಕದ ವರ್ಷದ ಕೊನೆಯ ಗಡಿಬಿಡಿಯಲ್ಲಿ ಅಲ್ಲಿನ ಗುಮಾಸ್ತರು ಹಬ್ಬದ ದಿನವೂ ಬಂದು ಕೂತಿದ್ದರು. ಮಧ್ಯಾಹ್ನದೊಳಗೆ ಬೀಗದ ಕೈ ಕೊಡಿ, ಊಟಕ್ಕೆ ಮನೆಗೆ ಹೋಗಬೇಕು ಎಂದಿದ್ದರು. ನಾನೂ ಬಾಡಿಗೆ ಕೋಣೆ ಖಾಲಿ ಮಾಡಿ ಟ್ರಂಕನ್ನು ಆಫೀಸಿಗೆ ತಂದಿಟ್ಟುಕೊಂಡಿದ್ದೆ. ಮೇಜು ಕುರ್ಚಿಗಳನ್ನು ಹಿಂದಿನ ದಿನವೇ ಸಾಗಿಸಿದ್ದರು.

ಬಾಗಿಲಲ್ಲಿ ಮುನಿಲಕ್ಷ್ಮಿ ನಿಂತಿದ್ದಳು. ತಲೆಗೆ ಎಣ್ಣೆಸ್ನಾನವಾಗಿತ್ತು. ಮೇಡಂ ಮಡಿಲಿಗೆ ಹಾಕಿದ್ದ ಆ ಹಸಿರು ಕಣವನ್ನು ಹೊಲಿಸಿದ ರವಿಕೆ ತೊಟ್ಟಿದ್ದಳು. ಕೈಯಲ್ಲಿ ಬಟ್ಟೆಯ ಗಂಟು.

"ಹಬ್ಬಕ್ಕೆ ಬಂದೆ ಅಕ್ಕ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಬೆಳಿಗ್ಗೆ ಗಂಡ ಡ್ಯೂಟಿಗೆ ಹೋಗುವಾಗ, ವರ್ಷದ ಹಬ್ಬ, ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋಗ್ತಾರೆ, ನೀನೂ ನಿನ್ನ ತವರಿಗೆ ಹೋಗು ಎಂದು ನಕ್ಕನಂತೆ. ಅವಳು ಎಲ್ಲವನ್ನೂ ಯೋಚನೆ ಮಾಡಿ ನಿಜವಾಗಿಯೂ ಹೊರಟು ಬಂದಿದ್ದಳು. "ಅಣ್ಣನ ಮನೆ ಮುಂದೆ ನಿಂತ್ಕೊಂಡು ಇನ್ನೊಂದ್ ಸಲ ವಾಪಸ್ ಬರೋಕೆ ನನ್ ಕೈಲಾಗಲ್ಲ. ಮೇಡಮ್ಮೋರು ಮಗಳು ಅಂದಿದ್ರಲ್ಲ. ಒಂದೆರಡು ದಿನ ಇಲ್ಲೇ ಮೂಲೇಲಿ ಮಲೀಕೊತೀನಿ" ಎಂದಳು.

ಮೇಡಂ ಹೋಗಿ ತಿಂಗಳಾಯಿತು ಎಂದೆ. ಆಫೀಸು ಮುಚ್ಚುತ್ತಿದೆ ಎಂದೆ. ಅವಳು ಖಾಲಿ ಕೋಣೆಯನ್ನು ಸುತ್ತ ನೋಡಿದಳು.

"ನಮ್ಮೂರಿಗೆ ಬಾ" ಎಂದೆ ನಾನು. ಬಾಯಿಮಾತಿಗಲ್ಲ, ಕರೆದೇ ಕರೆದೆ. "ನಮ್ಮಮ್ಮ ಏನೂ ಅನ್ನಲ್ಲ. ಈಗ್ಲೇ ಹೋಗೋಣ."

"ಏನಂತ ಬರ್ಲಿ ಅಕ್ಕ? ಹಬ್ಬದ ದಿನ ಯಾರದೋ ಮನೆಗೆ ಗಂಡನ್ನ ಬಿಟ್ಟೋಳು ಅಂತ ಬರ್ಲಾ? ನಿಮಗಿನ್ನೂ ಮದ್ವೆ ಆಗ್ಬೇಕು." ಅವಳು ಗಂಟನ್ನು ಕೆಳಗಿಟ್ಟಳು. "ಸಂಜೆವರ್ಗೂ ಇರ್ಲಾ? ಅವನು ಬರೋದು ಸಂಜೆಗೆ."

ಗುಮಾಸ್ತರು ಆಗಲೇ ಎರಡು ಸಲ ಬಗ್ಗಿ ನೋಡಿ ಹೋಗಿದ್ದರು. ನಾನು ಅವರ ಬಳಿ ಹೋಗಿ ಸಂಜೆಯವರೆಗೆ ಬಿಡಿ ಎಂದು ಬೇಡಿಕೊಂಡೆ. ಆಗಲ್ಲಮ್ಮ, ಮನೇಲಿ ಎಲೆ ಹಾಕ್ಕೊಂಡು ಕಾಯ್ತಿದ್ದಾರೆ ಎಂದರು. ವಾಪಸ್ಸು ಬಂದಾಗ ಮುನಿಲಕ್ಷ್ಮಿ ಮೂಲೆಯ ಪೊರಕೆ ತೆಗೆದುಕೊಂಡು ಕೋಣೆ ಗುಡಿಸುತ್ತಿದ್ದಳು. ಬೇಡ ಎಂದರೂ ಕೇಳಲಿಲ್ಲ. ಹಬ್ಬದ ದಿನ ಕಸ ಹಂಗೇ ಬಿಡಬಾರದು ಎಂದಳು. ಮೇಜು ಇದ್ದ ಜಾಗದ ಧೂಳನ್ನೆಲ್ಲ ಬಳಿದು, ಆಚೆ ಸುರಿದು, ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕಿದಳು. ಆಮೇಲೆ ಗಂಟು ಎತ್ತಿಕೊಂಡು, "ಬತ್ತೀನಿ ಅಕ್ಕ" ಎಂದು ಹೇಳಿ ಗಂಡನ ಮನೆಯ ಬೀದಿ ಹಿಡಿದಳು. ಅಡುಗೆಗೆ ಹೊತ್ತಾಗುತ್ತದೆ ಎಂಬಂತೆ ಬೇಗ ಬೇಗ ನಡೆದಳು.

ಬೀಗ ಹಾಕಿ ಬೀಗದ ಕೈ ಕೊಟ್ಟೆ. "ಯಾರಮ್ಮ ಅದು ಹೆಂಗಸು, ಗಂಟು ಹಿಡ್ಕೊಂಡು ಬಂದಿದ್ದು?" ಎಂದು ಗುಮಾಸ್ತರು ಕೇಳಿದರು.

"ಹಬ್ಬಕ್ಕೆ ಬಂದಿದ್ರು" ಎಂದೆ.

"ಹಬ್ಬಕ್ಕೆ ಆಫೀಸಿಗೆ ಬರ್ತಾರಾ ಯಾರಾದ್ರೂ?" ಎಂದು ಅವರು ನಕ್ಕರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ನನ್ನ ಟ್ರಂಕಿನ ಒಂದು ಬದಿ ತಾವೇ ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಬಂದರು.